ದಿನಕ್ಕೆ ನೂರು ರೂಪಾಯಿ

ಪೀಣ್ಯದಲ್ಲಿ ನಾಲ್ಕು ಲೇತ್, ಎರಡು ಸಿಎನ್‌ಸಿ ಮಿಷನ್ ಇಟ್ಟುಕೊಂಡು ಬಿಡಿಭಾಗ ಮಾಡಿಕೊಡುವ ಯಜಮಾನರೊಬ್ಬರು ನನ್ನ ಹಳೆಯ ಗಿರಾಕಿ. ಬಹಳ ವರ್ಷ ಸ್ವಂತ ಹೆಸರಲ್ಲೇ ವ್ಯವಹಾರ ಮಾಡಿದವರು. ದೊಡ್ಡ ಆರ್ಡರ್ ಬೇಕಾದರೆ ಪ್ರೈವೇಟ್ ಲಿಮಿಟೆಡ್ ಮಾಡಿಕೊಳ್ಳಿ ಎಂದು ಯಾರೋ ಹೇಳಿದರಂತೆ, ಮಾಡಿಕೊಂಡರು. ಗಂಡ ಹೆಂಡತಿ ಇಬ್ಬರೇ ಡೈರೆಕ್ಟರುಗಳು. ಮೂರನೇ ವರ್ಷ ಮಗಳ ಮದುವೆ ಬಂತು. ಛತ್ರದ ಅಡ್ವಾನ್ಸು, ಅಡುಗೆಯವರ ಅಡ್ವಾನ್ಸು, ಒಡವೆಯ ಒಂದಷ್ಟು ದುಡ್ಡು, ಎಲ್ಲ ಕಂಪನಿ ಖಾತೆಯಿಂದಲೇ ಹೋಯಿತು. ಆಡಿಟರ್ ಅದನ್ನು ನೋಡಿ ಅವರನ್ನು ನನ್ನ ಹತ್ತಿರ ಕಳಿಸಿದರು.

"ಕಂಪನಿ ನಂದೇ ಅಲ್ವಾ ಸಾರ್? ನನ್ನ ದುಡ್ಡು ನಾನು ತಗೊಂಡ್ರೆ ಯಾರಪ್ಪನ ಮನೆ ಗಂಟು ಹೋಯ್ತು?"

ಕಂಪನಿಗಳ ಕಾನೂನಿನ ಕಾಗದಪತ್ರ ನೋಡಿಕೊಳ್ಳುವ ಕಂಪನಿ ಸೆಕ್ರೆಟರಿಯ ಕೆಲಸದಲ್ಲಿ ನಾನು ಅತಿ ಹೆಚ್ಚು ಸಲ ಕೇಳಿಸಿಕೊಂಡ ಪ್ರಶ್ನೆ ಇದು. ಇದಕ್ಕೆ ನಾವು ಹೇಳುವ ಉತ್ತರ ಲಂಡನ್ನಿನ ಒಬ್ಬ ಬೂಟಿನ ವ್ಯಾಪಾರಿಯದು. ಅವನ ಹೆಸರು ಆರನ್ ಸಾಲೊಮನ್. ತನ್ನ ವ್ಯಾಪಾರವನ್ನು ಕಂಪನಿ ಮಾಡಿದ. 20,007 ಷೇರುಗಳಲ್ಲಿ 20,001 ಅವನ ಕೈಯಲ್ಲೇ. ಉಳಿದ ಆರು ಹೆಂಡತಿ, ಮಗಳು, ನಾಲ್ಕು ಜನ ಗಂಡುಮಕ್ಕಳಿಗೆ ಒಂದೊಂದು. ಕಂಪನಿ ಮುಳುಗಿತು. ಸಾಲ ಕೊಟ್ಟವರು, 'ಇದೆಲ್ಲ ನಾಟಕ, ಕಂಪನಿ ಅಂದ್ರೆ ಇವನೇ, ಇವನೇ ಕಟ್ಟಲಿ' ಎಂದರು. 1896ರಲ್ಲಿ ಅಲ್ಲಿನ ಅತ್ಯುನ್ನತ ನ್ಯಾಯಪೀಠವಾಗಿದ್ದ ಹೌಸ್ ಆಫ್ ಲಾರ್ಡ್ಸ್ ಒಪ್ಪಲಿಲ್ಲ. ಕಾನೂನಿನ ಪ್ರಕಾರ ನೋಂದಣಿಯಾದ ಮೇಲೆ ಕಂಪನಿ ಬೇರೆ, ಸಾಲೊಮನ್ ಬೇರೆ, ಅದರ ಸಾಲ ಇವನ ಸಾಲವಲ್ಲ ಎಂದಿತು. ನಮ್ಮ ಕಂಪನಿ ಕಾನೂನೂ ಅದೇ ತಳಪಾಯದ ಮೇಲೆ ನಿಂತಿದೆ.

"ನಾಳೆ ಕಂಪನಿ ಮುಳುಗಿದರೆ ನಿಮ್ಮ ಮನೆ ಉಳಿಯೋದು ಇದರಿಂದಲೇ ಯಜಮಾನ್ರೇ. ಸಾಲ ಬಂದಾಗ ಕಂಪನಿ ಬೇರೆ, ದುಡ್ಡು ಬೇಕಾದಾಗ ಕಂಪನಿ ನಂದು ಅಂದ್ರೆ ಆಗಲ್ಲ" ಎಂದೆ. ಅವರು ತಲೆ ಆಡಿಸಿದರು. ಏನೂ ನಾಟಲಿಲ್ಲ ಅಂತ ಮುಖ ನೋಡಿದರೇ ಗೊತ್ತಾಗುತ್ತಿತ್ತು.

ಆಮೇಲೆ ಆದಾಯ ತೆರಿಗೆಯ ಮಾತು ತೆಗೆದೆ. ಕಂಪನಿಯಲ್ಲಿ ಕೂಡಿಟ್ಟ ಲಾಭ ಇದೆ, ನಿಮ್ಮದು ನೂರಕ್ಕೆ ಹತ್ತಕ್ಕಿಂತ ಜಾಸ್ತಿ ಪಾಲು, ಹೀಗಿರುವಾಗ ಸಾಲ ಅಂತ ಬರೆದು ಎತ್ತಿದ ದುಡ್ಡನ್ನು ತೆರಿಗೆಯವರು ಡಿವಿಡೆಂಡ್, ಅಂದರೆ ಷೇರುದಾರರಿಗೆ ಹಂಚಿದ ಲಾಭ ಎಂದೇ ಎಣಿಸಬಹುದು, ನಿಮ್ಮ ಕೈಯಿಂದ ತೆರಿಗೆ ಕೀಳಬಹುದು ಎಂದೆ. ಎಷ್ಟಾಗುತ್ತದೆ ಎಂದು ಕ್ಯಾಲ್ಕುಲೇಟರ್ ಒತ್ತಿ ತೋರಿಸಿದೆ. ಸಾಲೊಮನ್ನಿನ ಕಥೆ ಮಾಡದ್ದನ್ನು ಆ ಒಂದು ಅಂಕಿ ಮಾಡಿತು. ಅವತ್ತಿನಿಂದ ಇವತ್ತಿನವರೆಗೆ ಅವರು ಸಂಬಳ ಬಿಟ್ಟರೆ ಕಂಪನಿಯಿಂದ ಒಂದು ರೂಪಾಯಿ ಎತ್ತಿಲ್ಲ.

ಕಂಪನಿಗೆ ಮೈಯಿಲ್ಲ. ಅದನ್ನು ಜೈಲಿಗೆ ಹಾಕಲು ಆಗುವುದಿಲ್ಲ, ಬೈದರೆ ನಾಚಿಕೆಯೂ ಆಗುವುದಿಲ್ಲ. ಅದರ ಹಿಂದೆ ಇರುವ ಮನುಷ್ಯರನ್ನು ಕಾನೂನು ಎಲ್ಲೋ ಒಂದು ಕಡೆ ಹಿಡಿಯಬೇಕು. ಶಿಕ್ಷೆ ಎಷ್ಟು ದೊಡ್ಡದು ಎಂದು ನನ್ನ ಗಿರಾಕಿಗಳು ಕೇಳುವುದು ಕಡಿಮೆ. ಯಾವ ತಾರೀಕಿಗೆ, ಯಾರ ಜೇಬಿಗೆ, ತಪ್ಪಿಸಿಕೊಳ್ಳೋಕೆ ಆಗುತ್ತಾ ಎಂದೇ ಕೇಳುತ್ತಾರೆ.

ಕಂಪನಿ ರಿಜಿಸ್ಟ್ರಾರರಿಗೆ ಪ್ರತಿ ವರ್ಷ ಲೆಕ್ಕ ಒಪ್ಪಿಸುವ ವಾರ್ಷಿಕ ಫೈಲಿಂಗನ್ನೇ ನೋಡಿ. ಮಾರ್ಚ್ 31ಕ್ಕೆ ವರ್ಷ ಮುಗಿದರೆ ಸೆಪ್ಟೆಂಬರ್ 30ರೊಳಗೆ ವಾರ್ಷಿಕ ಸಭೆ. ಸಭೆಯಾದ 30 ದಿನದೊಳಗೆ ಲೆಕ್ಕಪತ್ರದ ಫಾರ್ಮ್, 60 ದಿನದೊಳಗೆ ಷೇರುದಾರರು, ಡೈರೆಕ್ಟರುಗಳ ವಿವರ ಕೊಡುವ ವಾರ್ಷಿಕ ರಿಟರ್ನ್. 2013ರ ಕಂಪನಿ ಕಾಯ್ದೆ ಬಂದಾಗ ರಿಟರ್ನ್ ಹಾಕದ ಅಧಿಕಾರಿಗೆ ಆರು ತಿಂಗಳವರೆಗೆ ಜೈಲು ಎಂದು ಬರೆದಿತ್ತು. ಇಲ್ಲದಿದ್ದರೆ 50 ಸಾವಿರದಿಂದ 5 ಲಕ್ಷದವರೆಗೆ ದಂಡ. ಓದಿದರೆ ಎದೆ ನಡುಗಬೇಕು, ಅಲ್ವಾ? ಯಾರಿಗೂ ನಡುಗಲಿಲ್ಲ. ರಿಟರ್ನ್ ಹಾಕಲಿಲ್ಲ ಎಂದು ಜೈಲಿಗೆ ಹೋದ ಒಬ್ಬ ಡೈರೆಕ್ಟರನ್ನೂ ನಾನು ಕಂಡಿಲ್ಲ. ಕೇಸು ಹಾಕಬೇಕು, ಸಮನ್ಸ್ ಹೋಗಬೇಕು, ವಾಯಿದೆ ಮೇಲೆ ವಾಯಿದೆ. ಅಷ್ಟರಲ್ಲಿ ರಾಜಿ ಮಾಡಿಕೊಳ್ಳಲು ಕಾನೂನೇ ದಾರಿ ಇಟ್ಟಿತ್ತು. ತಡವಾಗಿ ಹಾಕಿದರೆ ಬೀಳುತ್ತಿದ್ದ ಹೆಚ್ಚುವರಿ ಶುಲ್ಕವೋ, ಮಾಮೂಲಿ ಶುಲ್ಕದ 12 ಪಟ್ಟಿಗೆ ನಿಂತುಬಿಡುತ್ತಿತ್ತು. ಸಣ್ಣ ಕಂಪನಿಗೆ ಮಾಮೂಲಿ ಶುಲ್ಕ 200–300 ರೂಪಾಯಿ. ಅಂದರೆ ಎಷ್ಟೇ ತಡವಾದರೂ ಒಂದು ಫಾರ್ಮಿಗೆ ನಾಲ್ಕು ಸಾವಿರದೊಳಗೆ ಕೆಲಸ ಮುಗಿಯುತ್ತಿತ್ತು. "ಮುಂದಿನ ವರ್ಷ ಎರಡೂ ಒಟ್ಟಿಗೆ ಹಾಕೋಣ ಬಿಡಿ ಸಾರ್" ಎನ್ನುವುದು ಆಗ ರೂಢಿಯ ಮಾತು.

2018ರ ಜುಲೈ 1ರಿಂದ ನಿಯಮ ಬದಲಾಯಿತು. ಒಂದು ಫಾರ್ಮಿಗೆ ದಿನಕ್ಕೆ ನೂರು ರೂಪಾಯಿ. ಮೇಲ್ಮಿತಿ ಇಲ್ಲ. ಎರಡು ಫಾರ್ಮಿಗೆ ದಿನಕ್ಕೆ ಇನ್ನೂರು, ವರ್ಷಕ್ಕೆ 73 ಸಾವಿರ. ಮೂರು ವರ್ಷದ ಬಾಕಿ ಇಟ್ಟುಕೊಂಡರೆ ಮೊದಲನೇ ವರ್ಷದ್ದು 2,19,000, ಎರಡನೆಯದು 1,46,000, ಮೂರನೆಯದು 73,000, ಒಟ್ಟು 4,38,000. ಇದಕ್ಕೆ ಕೋರ್ಟ್ ಬೇಡ, ನೋಟಿಸ್ ಬೇಡ, ಆಫೀಸರ್ ಬೇಡ. ಸರ್ಕಾರದ ಪೋರ್ಟಲ್ಲೇ ಲೆಕ್ಕ ಹಾಕಿ ಚಲನ್ ಕೊಡುತ್ತದೆ. ಕಟ್ಟದಿದ್ದರೆ ಫಾರ್ಮ್ ಮುಂದಕ್ಕೆ ಹೋಗುವುದೇ ಇಲ್ಲ. ಯಾರ ಹತ್ತಿರ ಹೋಗಿ ಗೋಗರೆಯುತ್ತೀರಿ? ಆ ವರ್ಷದಿಂದ ಸೆಪ್ಟೆಂಬರ್ ಕೊನೆಯಲ್ಲಿ ನನಗೆ ನಿದ್ದೆ ಇಲ್ಲ. ಗಿರಾಕಿಗಳೇ ಫೋನ್ ಮಾಡಿ "ಸಾರ್, ಫೈಲಿಂಗ್ ಆಯ್ತಾ?" ಎಂದು ಪೀಡಿಸುತ್ತಾರೆ. ಆರು ತಿಂಗಳ ಜೈಲು ಮಾಡದ ಕೆಲಸವನ್ನು ನೂರು ರೂಪಾಯಿ ಮಾಡಿತು. ಆ ಜೈಲಿನ ಮಾತನ್ನು ಸರ್ಕಾರ ಕಾಯ್ದೆಯಿಂದ ತೆಗೆದೇ ಹಾಕಿತು. ತೆಗೆದದ್ದು ಎಷ್ಟೋ ಡೈರೆಕ್ಟರುಗಳಿಗೆ ಗೊತ್ತೂ ಇಲ್ಲ.

ಒಂದು ತಕರಾರು ಮಾತ್ರ ನನಗಿದೆ. ಈ ನೂರು ರೂಪಾಯಿ ಸಾವಿರಾರು ಕೋಟಿ ವಹಿವಾಟಿನ ಕಂಪನಿಗೂ ನೂರೇ, ವ್ಯವಹಾರವೇ ಶುರು ಮಾಡದ ಇಬ್ಬರು ಹುಡುಗರ ಸ್ಟಾರ್ಟಪ್ಪಿಗೂ ನೂರೇ. ಕಾಲೇಜು ಮುಗಿಸಿ ಉತ್ಸಾಹದಲ್ಲಿ ಕಂಪನಿ ಮಾಡಿ, ಆರೇ ತಿಂಗಳಿಗೆ ಕೆಲಸಕ್ಕೆ ಸೇರಿ ಕಂಪನಿಯನ್ನು ಮರೆತವರು ಬೆಂಗಳೂರಿನಲ್ಲಿ ಬೇಕಾದಷ್ಟು ಜನ ಇದ್ದಾರೆ. ವ್ಯವಹಾರ ಮಾಡಲಿಲ್ಲ ಅಂದರೆ ಫೈಲಿಂಗ್ ಯಾಕೆ ಎಂದು ಅವರ ಎಣಿಕೆ. ಮೀಟರ್ ಮಾತ್ರ ಓಡುತ್ತಲೇ ಇರುತ್ತದೆ.

ಅಂಥವರ ಪೈಕಿ ಬಹಳ ಮಂದಿಗೆ ಬಿಸಿ ಮುಟ್ಟಿದ್ದು ಈ ಮೀಟರಿಗೂ ಮುಂಚೆ, 2017ರಲ್ಲಿ. ಸತತ ಮೂರು ವರ್ಷ ಲೆಕ್ಕಪತ್ರ ಅಥವಾ ರಿಟರ್ನ್ ಹಾಕದ ಕಂಪನಿಯ ಡೈರೆಕ್ಟರ್ ಐದು ವರ್ಷ ಅನರ್ಹ ಎನ್ನುತ್ತದೆ 164(2)ನೇ ಸೆಕ್ಷನ್. ಅಲ್ಲಿಯವರೆಗೆ ಅದು ಪುಸ್ತಕದಲ್ಲಿ ಮಲಗಿತ್ತು. ಆ ಸೆಪ್ಟೆಂಬರಿನಲ್ಲಿ ಸರ್ಕಾರ ಹೆಸರುಗಳ ಪಟ್ಟಿಯನ್ನೇ ಹಾಕಿತು. 2 ಲಕ್ಷಕ್ಕೂ ಹೆಚ್ಚು ಕಂಪನಿಗಳ ಹೆಸರು ರಿಜಿಸ್ಟರಿನಿಂದ ಹೋಯಿತು, 3 ಲಕ್ಷಕ್ಕೂ ಹೆಚ್ಚು ಡೈರೆಕ್ಟರುಗಳು ಅನರ್ಹರಾದರು. ಸತ್ತ ಕಂಪನಿಯಿಂದ ಅನರ್ಹರಾದವರು ಚೆನ್ನಾಗಿ ನಡೆಯುತ್ತಿದ್ದ ತಮ್ಮ ಇನ್ನೊಂದು ಕಂಪನಿಯಲ್ಲೂ ಸಹಿ ಹಾಕಲಾಗದೆ ನಿಂತರು. ಕೋರಮಂಗಲದ ಕೇಂದ್ರೀಯ ಸದನದಲ್ಲಿ ರಿಜಿಸ್ಟ್ರಾರ್ ಕಚೇರಿ ಇದೆ. ಆ ದಿನಗಳಲ್ಲಿ ಅದರ ಮೆಟ್ಟಿಲ ಮೇಲೆ ಎಂಥೆಂಥವರನ್ನೋ ನೋಡಿದೆ. ಭಾವನ ಕಂಪನಿಗೆ ಸುಮ್ನೆ ಸಹಿ ಹಾಕಿ ಡೈರೆಕ್ಟರಾದ ಮೇಷ್ಟ್ರೂ ಅಲ್ಲಿದ್ದರು.

ಬಹಳ ಜನ ಕೋರ್ಟಿಗೆ ಹೋದರು. ಕರ್ನಾಟಕ ಹೈಕೋರ್ಟ್ 2019ರಲ್ಲಿ ಸೆಕ್ಷನ್ ಸರಿಯಾಗಿಯೇ ಇದೆ ಎಂದಿತು. ಆದರೆ ಹೊಸ ಕಾಯ್ದೆಯ ಈ ಭಾಗ ಜಾರಿಗೆ ಬಂದದ್ದು 2014ರ ಏಪ್ರಿಲ್ 1ಕ್ಕೆ, ಅದಕ್ಕೂ ಹಿಂದಿನ ವರ್ಷದ ತಪ್ಪನ್ನು ಸೇರಿಸಿ ಮೂರು ಎಂದು ಎಣಿಸುವ ಹಾಗಿಲ್ಲ ಎಂದೂ ಹೇಳಿತು. ನನ್ನ ಮಟ್ಟಿಗೆ ಅದು ನ್ಯಾಯವಾದ ಮಾತು. ಆಟದ ನಿಯಮ ಬದಲಿಸಿ ಹಿಂದಿನ ಓವರಿನ ರನ್ ಕಳೆಯಬಾರದಲ್ಲ.

ಇಷ್ಟು ಸಣ್ಣ ಕಂಪನಿಗಳ ಮಾತಾಯಿತು. ದೊಡ್ಡವರ ಬಗ್ಗೆ ಮಾತು ಬಂದರೆ ಸತ್ಯಂ ಬಿಟ್ಟು ಮುಂದೆ ಹೋಗುವ ಹಾಗಿಲ್ಲ. 2009ರ ಜನವರಿ 7ರಂದು ಸತ್ಯಂ ಕಂಪ್ಯೂಟರ್ಸ್‌ನ ಅಧ್ಯಕ್ಷ ರಾಮಲಿಂಗ ರಾಜು ತಮ್ಮ ಬೋರ್ಡಿಗೆ ಪತ್ರ ಬರೆದು, ಲೆಕ್ಕದಲ್ಲಿ ತೋರಿಸಿರುವ ನಗದು ಮತ್ತು ಬ್ಯಾಂಕ್ ಹಣದಲ್ಲಿ 5,040 ಕೋಟಿ ಇಲ್ಲವೇ ಇಲ್ಲ ಎಂದು ಒಪ್ಪಿಕೊಂಡರು. ಹೈದರಾಬಾದಿನ ವಿಶೇಷ ನ್ಯಾಯಾಲಯ ಏಳು ವರ್ಷದ ಶಿಕ್ಷೆ ಕೊಟ್ಟದ್ದು 2015ರ ಏಪ್ರಿಲ್‌ನಲ್ಲಿ, ಅಂದರೆ ಆರು ವರ್ಷ ದಾಟಿದ ಮೇಲೆ. 2013ರ ಕಾಯ್ದೆಯಲ್ಲಿ ಆಡಿಟರುಗಳನ್ನು ಬದಲಿಸುತ್ತಿರಬೇಕು, ವಂಚನೆ ಕಂಡರೆ ಆಡಿಟರ್ ತಾನೇ ವರದಿ ಮಾಡಬೇಕು ಎನ್ನುವ ಬಿಗಿ ಬರಲು ಆ ಹಗರಣದ ನೆನಪೂ ಕಾರಣ.

ಆದರೆ ದಿನನಿತ್ಯದ ಲೆಕ್ಕದ ಕೋಣೆಯಲ್ಲಿ ನಾನು ಕಣ್ಣಾರೆ ಕಂಡ ಬದಲಾವಣೆ ಬೇರೆ. 2023ರ ಏಪ್ರಿಲ್ 1ರಿಂದ ಕಂಪನಿಗಳ ಅಕೌಂಟಿಂಗ್ ಸಾಫ್ಟ್‌ವೇರ್ ಪ್ರತಿಯೊಂದು ತಿದ್ದುಪಡಿಯನ್ನೂ ತಾನೇ ಬರೆದಿಡಬೇಕು. ಯಾವಾಗ ಬದಲಾಯಿಸಿದ್ದು, ಏನು ಬದಲಾಯಿಸಿದ್ದು ಎಲ್ಲ ಉಳಿಯಬೇಕು, ಅದನ್ನು ಆಫ್ ಮಾಡಲು ಬರಬಾರದು. ಎರಡು ಸಲ ಮುಂದಕ್ಕೆ ಹೋಗಿ ಕೊನೆಗೂ ಜಾರಿಯಾದ ನಿಯಮ ಇದು. ಮುಂಚೆ ಏನಾಗುತ್ತಿತ್ತು? ಮೇ ತಿಂಗಳಲ್ಲಿ ಕೂತು ಮಾರ್ಚ್ ತಾರೀಕಿನ ವೋಚರ್ ಹಾಕುವುದು, ಹೋದ ಅಕ್ಟೋಬರಿನ ಬಿಲ್ಲನ್ನು ಅಳಿಸಿ ಹೊಸದು ಬರೆಯುವುದು. ಎಲ್ಲವೂ ಕಳ್ಳತನ ಅಲ್ಲ, ಅರ್ಧಕ್ಕರ್ಧ ಸೋಮಾರಿತನ. ಈಗ ಅಕೌಂಟೆಂಟ್ ಹುಡುಗ ಮಾಲೀಕರಿಗೇ ಹೇಳುತ್ತಾನೆ: "ಸಾರ್, ಅಳಿಸಿದ್ರೆ ಅಳಿಸಿದ್ದೂ ಉಳಿಯುತ್ತೆ. ಆಡಿಟರ್ ರಿಪೋರ್ಟಲ್ಲಿ ಬರುತ್ತೆ." ಹದಿನೆಂಟು ಸಾವಿರ ಸಂಬಳದ ಹುಡುಗನಿಗೆ ಮಾಲೀಕನ ಮುಂದೆ ಆಗಲ್ಲ ಎನ್ನಲು ಒಂದು ನೆಪ ಸಿಕ್ಕಿದೆ. ಕಾನೂನು ಕೊಟ್ಟ ನೆಪಗಳಲ್ಲಿ ಇದು ನನಗೆ ತುಂಬ ಇಷ್ಟವಾದದ್ದು.

ಅಕ್ಷರಕ್ಕೆ ತಲೆಬಾಗಿ ಅರ್ಥಕ್ಕೆ ಕೈಕೊಟ್ಟದ್ದೂ ಇದೆ. ಲಿಸ್ಟೆಡ್, ಅಂದರೆ ಷೇರುಪೇಟೆಯಲ್ಲಿರುವ ಕಂಪನಿಗಳ ಬೋರ್ಡಿನಲ್ಲಿ ಒಬ್ಬ ಮಹಿಳೆಯಾದರೂ ಇರಬೇಕು ಎಂದಾಗ 2015ರ ಏಪ್ರಿಲ್ ಗಡುವಿಗೆ ಮುಂಚೆ ಎಷ್ಟೋ ಕಡೆ ಹೆಂಡತಿ, ಮಗಳು, ಅತ್ತಿಗೆ ರಾತ್ರೋರಾತ್ರಿ ಡೈರೆಕ್ಟರಾದರು. ಹೊರಗಿನಿಂದ ಬಂದ ಸ್ವತಂತ್ರ ಮಹಿಳಾ ಡೈರೆಕ್ಟರೇ ಬೇಕು ಎಂದು ಷೇರುಪೇಟೆಯ ನಿಯಂತ್ರಕ ಸಂಸ್ಥೆ ಸೆಬಿ ದೊಡ್ಡ ಕಂಪನಿಗಳಿಗೆ ಹೇಳಬೇಕಾಯಿತು, 2019ರಿಂದ ಮೊದಲ 500ಕ್ಕೆ, ಮರುವರ್ಷ ಸಾವಿರಕ್ಕೆ. ದೊಡ್ಡ ಕಂಪನಿಗಳ ಸಾಮಾಜಿಕ ಹೊಣೆಯ ಖರ್ಚು, ಅಂದರೆ ಸಿಎಸ್‌ಆರ್ ಕಥೆಯೂ ಹೀಗೇ. ಲಾಭದ ಶೇ 2 ಸಮಾಜಕ್ಕೆ ಖರ್ಚು ಮಾಡಿ, ಆಗದಿದ್ದರೆ ಕಾರಣ ಬರೆಯಿರಿ ಎಂದಿತ್ತು. ಕಾರಣ ಬರೆಯುವುದು ಎಷ್ಟು ಹೊತ್ತಿನ ಕೆಲಸ? 'ಸೂಕ್ತ ಯೋಜನೆಯ ಹುಡುಕಾಟದಲ್ಲಿದ್ದೇವೆ' ಎನ್ನುವ ಅರ್ಥದ ಸಾಲನ್ನು ನಾನೇ ಎಷ್ಟು ವರದಿಗಳಿಗೆ ಬರೆದುಕೊಟ್ಟಿದ್ದೇನೋ. 2021ರ ಜನವರಿಯಿಂದ ಖರ್ಚಾಗದ ದುಡ್ಡನ್ನು ಗೊತ್ತಾದ ತಾರೀಕಿನೊಳಗೆ ಸರ್ಕಾರ ಹೇಳಿದ ನಿಧಿಗೋ ಪ್ರತ್ಯೇಕ ಖಾತೆಗೋ ಹಾಕಲೇಬೇಕು. ಹುಡುಕಾಟ ಬೇಗ ಮುಗಿಯಿತು.

ಪೀಣ್ಯದ ಯಜಮಾನರ ಕಥೆ ಅಲ್ಲಿಗೇ ನಿಂತಿಲ್ಲ. ಅವರ ಈಗಿನ ತಲೆನೋವು 45 ದಿನದ್ದು. ಸಣ್ಣ ಉದ್ಯಮದಿಂದ ಮಾಲು ತೆಗೆದುಕೊಂಡವರು ಒಪ್ಪಂದ ಇಲ್ಲದಿದ್ದರೆ 15 ದಿನದಲ್ಲಿ, ಇದ್ದರೂ 45 ದಿನದೊಳಗೆ ದುಡ್ಡು ಕೊಡಬೇಕು ಎಂದು 2006ರ ಕಾಯ್ದೆಯೇ ಹೇಳಿತ್ತು. ತಪ್ಪಿದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ಬಡ್ಡಿ, ಅದೂ ತಿಂಗಳ ಚಕ್ರಬಡ್ಡಿ. ಬ್ಯಾಂಕ್ ದರ ಶೇ 6.75 ಇದ್ದಾಗ ಅದು ಶೇ 20 ದಾಟುತ್ತಿತ್ತು. ಆದರೆ ಆ ಬಡ್ಡಿ ಕೇಳಬೇಕಾದವನು ಸಪ್ಲೈಯರ್. ಅನ್ನ ಕೊಡುವ ಗಿರಾಕಿಯ ಮೇಲೆ ಯಾರು ದೂರು ಕೊಡುತ್ತಾರೆ? 90 ದಿನ, 120 ದಿನ ಮಾಮೂಲಿಯಾಗಿತ್ತು.

2023ರ ಬಜೆಟ್ಟಿನಲ್ಲಿ ಆದಾಯ ತೆರಿಗೆ ಕಾಯ್ದೆಗೆ 43ಬಿ(ಎಚ್) ಎಂಬ ಸಾಲು ಸೇರಿತು. ಗಡುವು ಮೀರಿ ಬಾಕಿ ಉಳಿಸಿಕೊಂಡ ಬಿಲ್ಲು ಆ ವರ್ಷದ ಖರ್ಚಲ್ಲ, ಕೊಟ್ಟ ವರ್ಷದ್ದು. ಹತ್ತು ಲಕ್ಷ ಬಾಕಿ ಇಟ್ಟ ಕಂಪನಿಗೆ ಕಂಪನಿ ತೆರಿಗೆಯ ಹೊಸ ಕಡಿಮೆ ದರದಲ್ಲೇ ಆ ವರ್ಷ ಎರಡೂವರೆ ಲಕ್ಷ ಜಾಸ್ತಿ ತೆರಿಗೆ. ಸಪ್ಲೈಯರ್ ಬಾಯಿ ಬಿಡಬೇಕಾಗಿಲ್ಲ. 2024ರ ಮಾರ್ಚಿನಲ್ಲಿ ಯಜಮಾನರು ಫೋನ್ ಮಾಡಿ, ವರ್ಷಗಟ್ಟಲೆ ಸತಾಯಿಸುತ್ತಿದ್ದ ಪಾರ್ಟಿ ಕೇಳದೆಯೇ ದುಡ್ಡು ಹಾಕಿದ್ದಾರೆ ಎಂದು ನಕ್ಕರು.

ಮೊನ್ನೆ ಬಂದವರು ನಗುತ್ತಿರಲಿಲ್ಲ. ಇನ್ನೊಂದು ದೊಡ್ಡ ಗಿರಾಕಿಯ ಪರ್ಚೇಸ್ ವಿಭಾಗದವರು, 'ನಿಮ್ಮ ಉದ್ಯಮ್ ನೋಂದಣಿ ಕ್ಯಾನ್ಸಲ್ ಮಾಡಿಸಿ, ಆರ್ಡರ್ ಮುಂದುವರಿಸ್ತೀವಿ' ಎಂದಿದ್ದಾರಂತೆ. ಸಣ್ಣ ಉದ್ಯಮ ಎಂದು ಸರ್ಕಾರದಲ್ಲಿ ಮಾಡಿಸುವ ಈ ನೋಂದಣಿ ಇಲ್ಲದಿದ್ದರೆ 45 ದಿನದ ರಗಳೆ ಇಲ್ಲ. ಬಿಟ್ಟರೆ ರಕ್ಷಣೆ ಹೋಗುತ್ತದೆ, ಬಿಡದಿದ್ದರೆ ಆರ್ಡರ್. ಏನು ಮಾಡಲಿ ಎಂದರು. ಕ್ಯಾನ್ಸಲ್ ಮಾಡಿಸಬೇಡಿ, ಅದನ್ನೇ ಬರವಣಿಗೆಯಲ್ಲಿ ಕೇಳಿ ನೋಡಿ ಎಂದೆ. ಬರವಣಿಗೆಯಲ್ಲಿ ಕೊಡಲ್ಲ ಎಂದು ನನಗೂ ಗೊತ್ತು, ಅವರಿಗೂ ಗೊತ್ತು.

ಸ್ವಲ್ಪ ಹೊತ್ತು ಸುಮ್ಮನಿದ್ದು ಕಾಫಿ ಮುಗಿಸಿದರು. ಎದ್ದು ಬಾಗಿಲವರೆಗೆ ಹೋಗಿ ತಿರುಗಿದರು.

"ಸಾರ್, ನಮಗೆ ಹೀಟ್ ಟ್ರೀಟ್‌ಮೆಂಟ್ ಮಾಡಿಕೊಡೋನು ಒಬ್ಬ ಇದಾನೆ. ಅವನಿಗೆ ಎರಡು ತಿಂಗಳಿಂದ ಕೊಟ್ಟಿಲ್ಲ. ಅವನ ಹತ್ರ ಉದ್ಯಮ್ ಇದೆಯಾ ಅಂತ ಹೇಗೆ ತಿಳ್ಕೊಳ್ಳೋದು?"