ಹೆಡ್‌ಫೋನ್ ಸಿಕ್ಕಿಸಿದರೂ ಸ್ಪೀಕರ್ ಸುಮ್ಮನಾಗದಿದ್ದರೆ

ಹೆಡ್‌ಫೋನ್ ಸಿಕ್ಕಿಸಿದ್ದೀರಿ, ಆದರೂ ಹಾಡು ಇಡೀ ಕೋಣೆಗೆ ಕೇಳುತ್ತಿದೆ. ಅಥವಾ ಹೆಡ್‌ಫೋನ್ ಕಿತ್ತು ಎಷ್ಟೋ ಹೊತ್ತಾಗಿದೆ, ಸ್ಪೀಕರ್ ಬಾಯಿ ಬಿಡುತ್ತಿಲ್ಲ. ಲ್ಯಾಪ್‌ಟಾಪ್ ಇಟ್ಟುಕೊಂಡವರಿಗೆಲ್ಲ ಇದು ಗೊತ್ತಿರುವ ಕಾಟ, ಅಲ್ವಾ?

ಮೊದಲು ಸ್ಪೀಕರ್ ಸುಮ್ಮನಾಗಿಸುವುದು ಒಂದು ಲೋಹದ ಪಟ್ಟಿಯ ಕೆಲಸವಾಗಿತ್ತು. ಟ್ರಾನ್ಸಿಸ್ಟರ್ ರೇಡಿಯೋ ಕಾಲದಿಂದಲೂ ಅದೇ ತಂತ್ರ. ಸ್ಪೀಕರ್‌ಗೆ ಹೋಗುವ ಸಿಗ್ನಲ್ ಜ್ಯಾಕ್‌ನೊಳಗಿನ (ಪಿನ್ ಸಿಕ್ಕಿಸುವ ತೂತಿನೊಳಗಿನ) ಸ್ಪ್ರಿಂಗ್ ಪಟ್ಟಿಯನ್ನು ದಾಟಿಯೇ ಹೋಗಬೇಕು. ಪಿನ್ ಒಳಗೆ ಬಂದರೆ ಪಟ್ಟಿ ಪಕ್ಕಕ್ಕೆ ಸರಿಯುತ್ತದೆ, ಸ್ಪೀಕರ್ ಬಂದ್. ಯಾರ ಅಪ್ಪಣೆಯೂ ಬೇಕಿಲ್ಲ.

2004ರಲ್ಲಿ ಇಂಟೆಲ್‌ನ ಹೈ ಡೆಫಿನಿಷನ್ ಆಡಿಯೋ ಎಂಬ, ಕಂಪ್ಯೂಟರಿನ ಸದ್ದಿನ ಹೊಸ ವ್ಯವಸ್ಥೆ ಬಂತು. ಈಗ ಪಟ್ಟಿ ಏನನ್ನೂ ಕಡಿಯುವುದಿಲ್ಲ, ಸುಮ್ನೆ ಸುದ್ದಿ ಮುಟ್ಟಿಸುತ್ತದೆ. 'ಪಿನ್ ಬಂತು' ಎಂದು ಆಡಿಯೋ ಚಿಪ್, ತನ್ನನ್ನು ನಡೆಸುವ ತಂತ್ರಾಂಶವಾದ ಡ್ರೈವರ್‌ಗೆ ಹೇಳುತ್ತದೆ. ಸ್ಪೀಕರ್‌ನ ಬಾಯಿ ಮುಚ್ಚಿಸುವುದು ಡ್ರೈವರ್. ಆದರೆ ಚಿಪ್‌ನ ಯಾವ ಕಾಲಿಗೆ ಸ್ಪೀಕರ್, ಯಾವ ಕಾಲಿಗೆ ಹೆಡ್‌ಫೋನ್ ಅಂತ ಅದಕ್ಕೆ ಹೇಗೆ ಗೊತ್ತು? ಆ ವಿವರವನ್ನು ಲ್ಯಾಪ್‌ಟಾಪ್ ತಯಾರಿಸುವವರು ಬಯೋಸ್‌ನಲ್ಲಿ, ಅಂದರೆ ಯಂತ್ರ ಶುರುವಾಗುವಾಗ ಮೊದಲು ಓಡುವ ತಂತ್ರಾಂಶದಲ್ಲಿ, ತುಂಬಿಸಿಡುತ್ತಾರೆ. ಅದರಲ್ಲಿ ತಪ್ಪಿದ್ದರೆ ಡ್ರೈವರ್ ಎಷ್ಟು ಶ್ರದ್ಧೆಯಿಂದ ದುಡಿದರೂ ಕೆಲಸ ಕೆಟ್ಟಂತೆಯೇ.

ಈ ತಪ್ಪುಗಳ ಲೆಕ್ಕ ನೋಡಬೇಕಿದ್ದರೆ ಲಿನಕ್ಸ್ ಎಂಬ ಆಪರೇಟಿಂಗ್ ಸಿಸ್ಟಮ್‌ನ ತಿರುಳಾದ ಕರ್ನಲ್‌ನ ಕೋಡ್ ತೆರೆಯಬೇಕು. ರಿಯಲ್‌ಟೆಕ್ ಕಂಪನಿಯ ಆಡಿಯೋ ಚಿಪ್‌ಗಳ ಡ್ರೈವರ್‌ನಲ್ಲಿ 'ಈ ಮಾಡೆಲ್‌ಗೆ ಈ ತೇಪೆ' ಎಂಬ ಸಾಲುಗಳು ಪುಟಗಟ್ಟಲೆ ಇವೆ. ಹೊಸ ಲ್ಯಾಪ್‌ಟಾಪ್ ಬಂದಂತೆ ತೇಪೆಯೂ ಬೆಳೆಯುತ್ತದೆ. ಬಳಸುವವರ ಕೈಗೂ ಒಂದು ಗುಂಡಿ ಕೊಟ್ಟಿದ್ದಾರೆ: ಲಿನಕ್ಸ್‌ನ ಟರ್ಮಿನಲ್‌ನಲ್ಲಿ (ಆದೇಶ ಟೈಪ್ ಮಾಡುವ ಕಿಟಕಿಯಲ್ಲಿ) ಸದ್ದು ಹೊಂದಿಸುವ ಆಲ್ಸಾಮಿಕ್ಸರ್ (alsamixer) ತೆರೆದು ಬಲಕ್ಕೆ ಸರಿಯುತ್ತ ಹೋದರೆ ಎಷ್ಟೋ ಲ್ಯಾಪ್‌ಟಾಪ್‌ಗಳಲ್ಲಿ 'ಆಟೋ-ಮ್ಯೂಟ್ ಮೋಡ್' ಸಿಗುತ್ತದೆ. ಅದು ಆಫ್ ಆಗಿದ್ದರೆ ಸ್ಪೀಕರ್, ಹೆಡ್‌ಫೋನ್ ಎರಡೂ ಒಟ್ಟಿಗೇ ಹಾಡುತ್ತವೆ. ಇದು ಗೊತ್ತಿಲ್ಲದೆ ಹೆಡ್‌ಫೋನನ್ನೇ ಬದಲಿಸಿದವರಿಗೆ ಏನು ಹೇಳೋಣ!

ಆಮೇಲೆ ಮೈಕ್, ಹೆಡ್‌ಫೋನ್ ಎರಡಕ್ಕೂ ಒಂದೇ ತೂತು ಬಂತು. ಸಿಕ್ಕಿಸಿದ್ದು ಏನೆಂದು ಕೆಲವು ಯಂತ್ರಗಳು ನಮ್ಮನ್ನೇ ಕೇಳತೊಡಗಿದವು. ಬ್ಲೂಟೂತ್, ಯುಎಸ್‌ಬಿ ಹೆಡ್‌ಫೋನ್‌ಗಳದು ಇನ್ನೊಂದು ಕಥೆ. ಅವು ಜ್ಯಾಕ್ ಅಲ್ಲ, ಬೇರೆಯೇ ಸೌಂಡ್ ಸಾಧನ. ಹಾಗಾಗಿ ಎಲ್ಲಿಗೆ ಕಳಿಸಬೇಕು ಎಂಬ ತೀರ್ಮಾನ ಡ್ರೈವರ್ ಕೈಯಿಂದ ಆಪರೇಟಿಂಗ್ ಸಿಸ್ಟಮ್‌ಗೆ ಹೋಯಿತು. ಆ್ಯಪ್ ಹಳೇ ಸಾಧನವನ್ನೇ ಹಿಡಿದು ಕೂತರೆ ಆಪರೇಟಿಂಗ್ ಸಿಸ್ಟಮ್ ಕೂಡ ಕೈಚೆಲ್ಲುತ್ತದೆ.

ಪಟ್ಟಿಗೆ ಮರೆವು ಇರಲಿಲ್ಲ, ಸುದ್ದಿಗೆ ಇದೆ. ಲ್ಯಾಪ್‌ಟಾಪ್ ಮಲಗಿದ್ದಾಗ ಹೆಡ್‌ಫೋನ್ ಕಿತ್ತರೆ ಸುದ್ದಿ ಕೇಳಲು ಯಾರೂ ಎಚ್ಚರವಿರುವುದಿಲ್ಲ. ಎದ್ದಮೇಲೆ ಡ್ರೈವರ್ ತಾನಾಗಿ ಜ್ಯಾಕ್ ನೋಡದಿದ್ದರೆ ಹೆಡ್‌ಫೋನ್ ಇನ್ನೂ ಇದೆ ಅಂತಲೇ ನಂಬಿರುತ್ತದೆ. ಇನ್ನೊಮ್ಮೆ ಸಿಕ್ಕಿಸಿ ಕಿತ್ತರೆ ಸ್ಪೀಕರ್ ಮಾತಾಡುವುದು ಅದಕ್ಕೇ.