ಲೇಥ್‌ನ ತಲೆಗಿಂತ ಮೊದಲು ಕಾಲು ನೋಡಿ

ಹಳೇ ಲೇಥ್ (ಲೋಹದ ಸರಳನ್ನು ತಿರುಗಿಸಿ ಕೆತ್ತುವ ಯಂತ್ರ) ಕೊಂಡವರ ಮೊದಲ ದೂರು ಹೆಚ್ಚುಕಡಿಮೆ ಒಂದೇ: ‘ಸರ್, ಜಾಬ್ ಟೇಪರ್ ಬರ್ತಾ ಇದೆ, ಹೆಡ್‌ಸ್ಟಾಕ್ ಬೇರಿಂಗ್ ಹೋಗಿರ್ಬೇಕು.’ ಅಂದರೆ ಕೆತ್ತಿದ ತುಂಡು ಒಂದು ತುದಿ ದಪ್ಪ, ಇನ್ನೊಂದು ಸಪೂರ; ತಪ್ಪು ಅದನ್ನು ತಿರುಗಿಸುವ ತಲೆಯದು ಎಂದು. ಹೋದ ವರ್ಷ ಹುಬ್ಬಳ್ಳಿಯ ಗೋಕುಲ ರಸ್ತೆಯ ಶೆಡ್ಡೊಂದರಲ್ಲೂ ಇದೇ ಮಾತು. ಯಂತ್ರ ಹರಿಹರದ ಮೈಸೂರು ಕಿರ್ಲೋಸ್ಕರ್‌ನದು, ಎರಕ ಇನ್ನೂ ಗಟ್ಟಿಮುಟ್ಟು. ಬೇರಿಂಗ್ ಬದಲಿಸಲು ಎಸ್ಟಿಮೇಟ್ ಆಗಲೇ ಬಂದಿತ್ತು. ನಾನು ಬಗ್ಗಿ ಕಾಲ ಬುಡ ನೋಡಿದೆ. ಟೇಲ್‌ಸ್ಟಾಕ್ ಕಡೆಯ, ಅಂದರೆ ತಲೆಗೆ ಎದುರಿನ ತುದಿಯ, ಒಂದು ಮೂಲೆಗೆ ಹಲಗೆ ಚೂರು, ಇನ್ನೊಂದಕ್ಕೆ ಮಡಚಿದ ತಗಡು.

ಇವೆಲ್ಲ ಕೂರುವ ಉದ್ದನೆಯ ಬೆಡ್ ಕಣ್ಣಿಗೆ ಬಂಡೆಯಂತೆ ಕಂಡರೂ, ಕಾಲು ಸಮವಿಲ್ಲದ ಹೊರಸಿನ ಹಾಗೆ ತಿರುಚಿಕೊಳ್ಳುತ್ತದೆ. ಇದನ್ನು ಹಿಡಿಯಲು ಗಾರೆಯವರ ರಸಮಟ್ಟ ಸಾಲದು, ಮೀಟರಿಗೆ 0.02 ಮಿ.ಮೀ. ತೋರಿಸುವ ಲೆವೆಲ್ ಬೇಕು. ಬೆಡ್‌ಗೆ ಅಡ್ಡಲಾಗಿ, ಜಾಬ್ ಹಿಡಿಯುವ ಚಕ್ ಹತ್ತಿರ ಒಮ್ಮೆ, ಟೇಲ್‌ಸ್ಟಾಕ್ ತುದಿಯಲ್ಲಿ ಒಮ್ಮೆ ಇಡಿ. ಎರಡೂ ಕಡೆ ಗುಳ್ಳೆ ಒಂದೇ ಗೆರೆಗೆ ನಿಲ್ಲಬೇಕು. ಲೇಥ್ ಪೂರ್ತಿ ಮಟ್ಟವಾಗಿಯೇ ಇರಬೇಕೆಂದಿಲ್ಲ, ಹಡಗಿನಲ್ಲೂ ಲೇಥ್ ಓಡುತ್ತದಲ್ಲ! ತಿರುಚು ಇರಬಾರದು, ಅಷ್ಟೆ.

ಕೊನೆಯ ತೀರ್ಪು ಮಾತ್ರ ಲೆವೆಲ್‌ನದಲ್ಲ, ಜಾಬ್‌ನದು. 50 ಮಿ.ಮೀ. ದಪ್ಪದ ಸರಳನ್ನು ಚಕ್‌ನಿಂದ 200 ಮಿ.ಮೀ. ಹೊರಗೆ ಬರುವಂತೆ ಹಿಡಿಯಿರಿ. ಟೇಲ್‌ಸ್ಟಾಕ್ ಆಸರೆ ಬೇಡ; ಅದರ ಸೆಂಟರ್ ಸರಿದಿದ್ದರೆ ಅದೂ ಟೇಪರ್ ಕೊಟ್ಟು ದಾರಿ ತಪ್ಪಿಸುತ್ತದೆ. ಎರಡು ತುದಿಯಲ್ಲಿ ಬಳೆಯಂಥ ಉಬ್ಬು (ಕಾಲರ್) ಬಿಟ್ಟು ನಡುವೆ ತಗ್ಗಿಸಿ. ಹರಿತವಾದ ಟೂಲ್‌ನಿಂದ, ಟೂಲನ್ನು ಒಳಗೆ-ಹೊರಗೆ ಸರಿಸುವ ಕ್ರಾಸ್ ಸ್ಲೈಡ್ ಮುಟ್ಟದೆ, ಎರಡೂ ಕಾಲರ್ ಮೇಲೆ ಒಂದೇ ತೆಳು ಕಟ್ ಎಳೆದು ಮೈಕ್ರೋಮೀಟರ್ ಹಿಡಿಯಿರಿ. ಹೊರತುದಿ ದಪ್ಪ ಬಂದರೆ ಟೇಲ್‌ಸ್ಟಾಕ್ ಕಡೆ, ನೀವು ನಿಲ್ಲುವ ಬದಿಯ ಕಾಲನ್ನು ಕೊಂಚ ಎತ್ತಿ. ಬೆಡ್ ಹಿಂದಕ್ಕೆ ವಾಲಿ ಟೂಲ್ ಜಾಬ್ ಕಡೆ ಸರಿಯುತ್ತದೆ. ಸಪೂರ ಬಂದರೆ ಇಳಿಸಿ. ಆ ಶೆಡ್‌ನಲ್ಲಿ ವ್ಯತ್ಯಾಸ 0.09 ಮಿ.ಮೀ. ಇತ್ತು. ಕಾಲಡಿಗೆ ಉಕ್ಕಿನ ಪ್ಯಾಕಿಂಗ್ ಕೊಟ್ಟು, ನಾಲ್ಕು ಸಲ ಕಟ್ ಎಳೆದ ಮೇಲೆ 0.015ಕ್ಕೆ ಇಳಿಯಿತು. ಮಾರನೇ ದಿನ ಮತ್ತೆ ನೋಡಿದೆವು, 0.02 ಆಗಿತ್ತು. ಪ್ಯಾಕಿಂಗ್ ಕೂರಲು ಹೊತ್ತು ಬೇಕು.

ಬೇರಿಂಗ್ ಸಡಿಲಾದರೆ ಸಾಮಾನ್ಯವಾಗಿ ಕಾಣುವುದು ನಡುಕದ ಗೆರೆ, ದುಂಡು ತಪ್ಪಿದ ಜಾಬ್. ಅನುಮಾನವಿದ್ದರೆ ಚಕ್ ಹೊತ್ತು ತಿರುಗುವ ಸ್ಪಿಂಡಲ್‌ನ ಮೂತಿಗೆ ಡಯಲ್ ಗೇಜ್ ಇಟ್ಟು ಮರದ ದಂಡದಿಂದ ಮೀಟಿ ನೋಡಿ, ಆಮೇಲೆ ದುಡ್ಡು ಬಿಚ್ಚಿ.

ಸವೆತ ಬೇರೆ ಕಥೆ. ಚಕ್ ಎದುರಿನ ಗೇಣುದ್ದ ಜಾಗದಲ್ಲಿ ಟೂಲ್ ಹೊತ್ತ ಸ್ಯಾಡಲ್ ಹಗಲೂ ಇರುಳೂ ಓಡಾಡಿ ಬೆಡ್ ತಗ್ಗಾಗಿರುತ್ತದೆ. ಅಲ್ಲಿಗೆ ಸರಿಯಾಗುವಂತೆ ಗಿಬ್ (ಸಡಿಲು ತೆಗೆಯುವ ಪಟ್ಟಿ) ಬಿಗಿ ಮಾಡಿದರೆ ಸವೆಯದ ಕಡೆ ಸ್ಯಾಡಲ್ ಕಚ್ಚಿಕೊಳ್ಳುತ್ತದೆ. ತುದಿಯಲ್ಲಿ ಸಲೀಸಾಗಿ ಹೋಗುವಷ್ಟೇ ಬಿಗಿಸಿ, ಚಕ್ ಹತ್ತಿರದ ಸಡಿಲು ಸಹಿಸಿಕೊಳ್ಳಿ.

ಅಲ್ಲಿನ ಹುಡುಗ ಐಟಿಐ ಮುಗಿಸಿ ಬಂದವನು. ಕ್ರಾಸ್ ಸ್ಲೈಡ್ ಹ್ಯಾಂಡಲ್‌ನ ಡಯಲನ್ನು ಒಂದೇ ಗೆರೆಗೆ ತಂದರೂ ಅಳತೆ ಬೇರೆ ಬೇರೆ ಬರುತ್ತಿದೆ ಎಂದ. ಹ್ಯಾಂಡಲ್ ಹಿಂದಕ್ಕೆ ತಿರುಗಿಸಿದಾಗ ಟೂಲ್ ಸರಿಯದೆ ಕಾಲು ಸುತ್ತು ಖಾಲಿ ಹೋಗುವುದನ್ನು ಅವನ ಕೈಯಿಂದಲೇ ಮಾಡಿಸಿ ತೋರಿಸಿದೆ. ಗೆರೆ ದಾಟಿದರೆ ಅಷ್ಟಕ್ಕೇ ಹಿಂದೆ ಎಳೆಯಬಾರದು. ಒಂದು ಸುತ್ತು ಹಿಂದೆ ಹೋಗಿ ಮತ್ತೆ ಒಳಮುಖವಾಗಿಯೇ ಗೆರೆಗೆ ಬರಬೇಕು. ಮೂರನೇ ಜಾಬ್‌ಗೆ ಅವನ ಅಳತೆ ಕೂತಿತು. ಎಸ್ಟಿಮೇಟ್ ಹಾಳೆಯ ಬೆನ್ನಿಗೆ ಈಗ ಅವನು ಕಾಲರ್ ಅಳತೆ ಬರೆದಿಡುತ್ತಾನಂತೆ.