ಫೋಟಾನ್ ಬರುವವರೆಗೆ ಸುದ್ದಿಯೂ ಇಲ್ಲ

ಬಿಎಸ್ಸಿ ಕೊನೆಯ ವರ್ಷದ ಸೆಮಿನಾರ್‌ಗೆ ಈಗ ನಮ್ಮ ಬಳ್ಳಾರಿ ಹುಡುಗರಿಗೆಲ್ಲ ಕ್ವಾಂಟಮ್ಮೇ ಬೇಕು. ಸಂತೋಷ. 2022ರಲ್ಲಿ ಆಸ್ಪೆ, ಕ್ಲೌಸರ್, ಜೈಲಿಂಗರ್ ಮೂವರಿಗೂ ಕ್ವಾಂಟಮ್ ಪ್ರಯೋಗಗಳಿಗಾಗಿ ಭೌತಶಾಸ್ತ್ರದ ನೊಬೆಲ್ ಬಂತು. ಮರುವರ್ಷ ಕೇಂದ್ರ ಸರ್ಕಾರ ರಾಷ್ಟ್ರೀಯ ಕ್ವಾಂಟಮ್ ಮಿಷನ್‌ಗೆ 6,003 ಕೋಟಿ ರೂಪಾಯಿಗೂ ಜಾಸ್ತಿ ಮಂಜೂರು ಮಾಡಿತು. ಆಸಕ್ತಿ ಹುಟ್ಟದೆ ಇರುತ್ತದೆಯೇ? ಆದರೆ ಸೂಪರ್‌ಡೆನ್ಸ್ ಕೋಡಿಂಗ್, ಅಂದರೆ ಒಂದು ಕಣ ಕಳಿಸಿ ಎರಡು ಬಿಟ್ ಸುದ್ದಿ ಮುಟ್ಟಿಸುವ ವಿಧಾನ, ಅದನ್ನು ವಿಷಯವಾಗಿ ಆರಿಸಿಕೊಂಡವರ ಸ್ಲೈಡಿನಲ್ಲಿ ಒಂದು ಚಿತ್ರ ತಪ್ಪುವುದೇ ಇಲ್ಲ. ಎರಡು ಗುಂಡು, ನಡುವೆ ಮಿಂಚು, ಕೆಳಗೆ ‘ತಕ್ಷಣ ಸಂದೇಶ ರವಾನೆ’. ತೆಗೆಯಿರಿ ಅಂದರೆ, “ಯೂಟ್ಯೂಬ್‌ನಾಗ ಹಂಗೇ ಹೇಳ್ಯಾರಲ್ರಿ ಸರ್” ಅನ್ನುತ್ತಾರೆ.

1992ರಲ್ಲಿ ಈ ವಿಧಾನ ಮುಂದಿಟ್ಟ ವಿಜ್ಞಾನಿಗಳಾದ ಬೆನೆಟ್ ಮತ್ತು ವೀಸ್ನರ್ ಹೇಳಿದ್ದು ಬೇರೆ. ಎಂಟ್ಯಾಂಗಲ್ ಆದ, ಅಂದರೆ ಅಳತೆಯ ಫಲಿತಾಂಶಗಳು ಒಂದಕ್ಕೊಂದು ತಳಕು ಹಾಕಿಕೊಂಡ ಫೋಟಾನ್ (ಬೆಳಕಿನ ಕಣ) ಜೋಡಿಯಲ್ಲಿ ಒಂದು ಬಳ್ಳಾರಿಯ ಹುಡುಗಿಯ ಹತ್ತಿರ ಇದೆ. ಇನ್ನೊಂದು ಮೊದಲೇ ಹೊಸಪೇಟೆಯ ಗೆಳೆಯನಿಗೆ ಹೋಗಿದೆ ಅಂತ ಇಟ್ಟುಕೊಳ್ಳಿ. ಅವಳು ತನ್ನ ಫೋಟಾನಿನ ಮೇಲೆ ನಾಲ್ಕರಲ್ಲಿ ಒಂದು ಕೆಲಸ ಮಾಡುತ್ತಾಳೆ. ಸುಮ್ಮನೆ ಬಿಡಬಹುದು, ಎಕ್ಸ್ ಹಾಕಬಹುದು, ಝಡ್ ಹಾಕಬಹುದು, ಎರಡನ್ನೂ ಹಾಕಬಹುದು. ಎಕ್ಸ್, ಝಡ್ ಅಂದರೆ ಫೋಟಾನಿನ ಸ್ಥಿತಿ ಬದಲಿಸುವ ಎರಡು ಕ್ರಿಯೆಗಳು, ಗೇಟುಗಳು. ನಾಲ್ಕು ಆಯ್ಕೆ ಅಂದರೆ ಎರಡು ಬಿಟ್. ಆಮೇಲೆ ಆ ಫೋಟಾನನ್ನು ಹೊಸಪೇಟೆಗೆ ಕಳಿಸುತ್ತಾಳೆ. ಅವನು ಎರಡನ್ನೂ ಒಟ್ಟಿಗೆ ಇಟ್ಟು, ಜೋಡಿಯನ್ನೇ ಅಳೆಯುವ ‘ಬೆಲ್ ಅಳತೆ’ ಮಾಡಿ, ಅವಳು ಮಾಡಿದ್ದು ಯಾವುದು ಅಂತ ಹೇಳುತ್ತಾನೆ. ಗೇಟುಗಳ ಲೆಕ್ಕ ಎಲ್ಲ ಪಠ್ಯಪುಸ್ತಕದಲ್ಲೂ ಇದೆ, ಇಲ್ಲಿ ಬೇಡ.

ಕಳಿಸುವ ಈ ಹೆಜ್ಜೆಯನ್ನೇ ಹುಡುಗರು ನುಂಗಿಬಿಡುತ್ತಾರೆ. ಬಳ್ಳಾರಿಯಲ್ಲಿ ಎಕ್ಸ್ ಹಾಕಿದ ಕೂಡಲೇ ಹೊಸಪೇಟೆಯಲ್ಲಿ ಏನೋ ಆಗುತ್ತದೆ ಅಂತ ಅವರ ನಂಬಿಕೆ. ಏನೂ ಆಗುವುದಿಲ್ಲ. ಅಂದರೆ ಅವನಿಗೆ ಕಾಣುವಂಥದ್ದು ಏನೂ ಆಗುವುದಿಲ್ಲ. ಹತ್ತು ಸಾವಿರ ಜೋಡಿ ತೆಗೆದುಕೊಳ್ಳಿ. ಅವಳು ಎಲ್ಲದಕ್ಕೂ ಎಕ್ಸ್ ಹಾಕಲಿ, ಎಲ್ಲದಕ್ಕೂ ಝಡ್ ಹಾಕಲಿ, ಕೈ ಕಟ್ಟಿ ಕೂರಲಿ. ಅವನು ತನ್ನ ಪಾಲಿನ ಫೋಟಾನುಗಳನ್ನಷ್ಟೇ ಅಳೆದರೆ ಸರಿಸುಮಾರು ಅರ್ಧ ಸೊನ್ನೆ, ಅರ್ಧ ಒಂದು. ಪ್ರತಿ ಸಲವೂ ಅಷ್ಟೇ. ದಾರಿಯಲ್ಲಿ ಅವಳ ಫೋಟಾನನ್ನು ಯಾರಾದರೂ ಕದ್ದು ಅಳೆದರೂ ಅದೇ ಅರ್ಧ-ಅರ್ಧ.

ಹಾಗಾದರೆ ಸುದ್ದಿ ಇರುವುದು ಎಲ್ಲಿ? ಎರಡರ ನಡುವಿನ ಸಂಬಂಧದಲ್ಲಿ. ಎಂಟ್ಯಾಂಗಲ್‌ಮೆಂಟ್ ಅಂದರೆ ಬೇರೆ ಬೇರೆ ಊರಿಗೆ ಹೋದ ಜೊತೆ ಚಪ್ಪಲಿ ಇದ್ದ ಹಾಗೆ, ಒಂದು ಎಡ ಅಂದರೆ ಇನ್ನೊಂದು ಬಲ ಅಂತ ಹುಡುಗರು ಬರೆಯುತ್ತಾರೆ. ಈ ಉಪಮೆ ಅರ್ಧ ದಾರಿಗೆ ಬರುತ್ತದೆ. ಅವಳು ಡಬ್ಬಿಯೊಳಗಿನ ತನ್ನ ಚಪ್ಪಲಿ ಬದಲಿಸಿ ಕಳಿಸಿದರೆ, ಅವನು ತನ್ನದರ ಪಕ್ಕ ಇಟ್ಟು ಜೊತೆಯೋ ಅಲ್ಲವೋ ಅಂತ ನೋಡಬಹುದು. ಒಂದು ಪ್ರಶ್ನೆ, ಒಂದು ಬಿಟ್. ಫೋಟಾನ್ ಜೋಡಿಗೆ ಎರಡು ಪ್ರಶ್ನೆ ಕೇಳಬಹುದು. ನೇರವಾಗಿ ಅಳೆದರೆ ಇಬ್ಬರ ಉತ್ತರ ಒಂದೇನಾ, ಬೇರೆನಾ? ಓರೆಯಾಗಿ ಅಳೆದರೆ ಒಂದೇನಾ, ಬೇರೆನಾ? ಎಕ್ಸ್ ಮೊದಲನೆಯದನ್ನು ತಿರುಗಿಸುತ್ತದೆ, ಝಡ್ ಎರಡನೆಯದನ್ನು. ಇದು ಚಪ್ಪಲಿಯಲ್ಲಿ ಇಲ್ಲ, ಅಲ್ವಾ? ಆದರೆ ಎರಡಕ್ಕೂ ಒಟ್ಟಿಗೆ ಉತ್ತರ ಬೇಕು ಅಂದರೆ ಎರಡು ಫೋಟಾನೂ ಒಂದೇ ಕಡೆ ಇರಬೇಕು. ಒಂದೊಂದನ್ನೇ ಬಿಡಿಯಾಗಿ ನೇರಕ್ಕೆ ಅಳೆದುಬಿಟ್ಟರೆ ಓರೆಯ ಸಂಬಂಧ ಅಲ್ಲಿಗೇ ಮುಗಿಯಿತು.

‘ಒಂದರಲ್ಲಿ ಎರಡು’ ಅನ್ನುವುದೂ ಪುಕ್ಕಟೆ ಅಲ್ಲ. ಮೊದಲೇ ಹಂಚಿಕೊಂಡ ಎಂಟ್ಯಾಂಗಲ್‌ಮೆಂಟ್ ಇಲ್ಲದಿದ್ದರೆ ಒಂದು ಕ್ವಾಂಟಮ್ ಬಿಟ್, ಅಂದರೆ ಇಲ್ಲಿ ಒಂದು ಫೋಟಾನ್ ಹೊರುವ ಕ್ಯೂಬಿಟ್‌ನಿಂದ ಒಂದು ಬಿಟ್‌ಗಿಂತ ಜಾಸ್ತಿ ತೆಗೆಯಲಾಗದು ಅಂತ ರಷ್ಯಾದ ಗಣಿತಜ್ಞ ಹೊಲೆವೊ 1973ರಲ್ಲೇ ಸಾಧಿಸಿದ್ದರು. ಇಲ್ಲಿ ಎರಡು ಬಿಟ್‌ಗೆ ಒಟ್ಟು ಎರಡು ಫೋಟಾನ್ ಖರ್ಚು. ಒಂದು ಮುಂಗಡವಾಗಿ ಹೋಗಿರುತ್ತದೆ, ಅಷ್ಟೇ.

ನಮ್ಮ ಓಣಿಯಲ್ಲಿ ಇಂಟರ್‌ನೆಟ್ ಕೇಬಲ್ ಎಳೆಯುವ ಹುಡುಗನೊಬ್ಬ ಇದ್ದಾನೆ. ರಸ್ತೆ ಅಗೆಯುವ ಜೆಸಿಬಿ ಕಂಡರೆ ಅವನಿಗೆ ಎದೆ ಧಸಕ್ಕೆನ್ನುತ್ತದೆ. “ಸರ್, ಕ್ವಾಂಟಮ್ ಬಂದ್ರ ಈ ಕೇಬಲ್ ಗೋಳು ತಪ್ಪತೈತೇನ್ರಿ?” ಅಂತ ಕೇಳಿದ. ಪಾಪ, ಇಲ್ಲ ಅನ್ನಬೇಕಾಯಿತು. ಒಳ್ಳೆಯ ಫೈಬರ್‌ನಲ್ಲೂ ಕಿಲೋಮೀಟರಿಗೆ 0.2 ಡೆಸಿಬೆಲ್‌ನಷ್ಟು ಬೆಳಕು ಸೋರುತ್ತದೆ. ಹೊಸಪೇಟೆ ಸುಮಾರು 60 ಕಿ.ಮೀ., ಅಂದರೆ 12 ಡೆಸಿಬೆಲ್. ಇಲ್ಲಿಂದ ನೂರು ಫೋಟಾನ್ ಬಿಟ್ಟರೆ ಅಲ್ಲಿ ಆರು ಮುಟ್ಟುತ್ತವೆ. ನಡುವೆ ಬೆಳಕನ್ನು ನಕಲು ಮಾಡಿ ಹೆಚ್ಚಿಸುವ ಮಾಮೂಲಿ ಆಂಪ್ಲಿಫೈಯರ್ ಹಾಕುವ ಹಾಗಿಲ್ಲ. ಗೊತ್ತಿಲ್ಲದ ಕ್ವಾಂಟಮ್ ಸ್ಥಿತಿಗೆ ನಕಲು ತೆಗೆಯಲು ಬರುವುದಿಲ್ಲ ಅಂತ 1982ರಲ್ಲೇ ಸಾಬೀತಾಗಿದೆ. 2017ರಲ್ಲಿ ಚೀನಾದ ಮಿಸಿಯಸ್ ಉಪಗ್ರಹ 1,200 ಕಿ.ಮೀ. ದೂರದ ಎರಡು ಕೇಂದ್ರಗಳಿಗೆ ಎಂಟ್ಯಾಂಗಲ್‌ಮೆಂಟ್ ಹಂಚಿತಲ್ಲ ಅನ್ನಬಹುದು. ಹೌದು, ಆಗಲೂ ಫೋಟಾನುಗಳು ಆಕಾಶದಿಂದ ಇಳಿದೇ ಬಂದವು.

ಇಷ್ಟು ಹೇಳಿದೆ ಅಂತ ಇದೆಲ್ಲ ಬರೀ ಕಾಗದದ ಮಾತು ಅಂದುಕೊಳ್ಳಬೇಡಿ. 1996ರಲ್ಲಿ ಆಸ್ಟ್ರಿಯಾದ ಇನ್ಸ್‌ಬ್ರುಕ್‌ನಲ್ಲಿ ಜೈಲಿಂಗರ್ ತಂಡ ಮಾಡಿ ತೋರಿಸಿತು. ನಾಲ್ಕು ಸಂಕೇತಗಳಲ್ಲಿ ಮೂರನ್ನು ಮಾತ್ರ ಬೇರ್ಪಡಿಸಲು ಆಯಿತು. ಬರೀ ಕನ್ನಡಿ, ಬೆಳಕನ್ನು ಎರಡಾಗಿ ಒಡೆಯುವ ಬೀಮ್ ಸ್ಪ್ಲಿಟರ್ ಇಟ್ಟುಕೊಂಡು ಪೂರ್ತಿ ಬೆಲ್ ಅಳತೆ ಮಾಡುವುದು ಆಗದ ಮಾತು. ಆದರೂ 24 ಬಿಟ್ ಬೇಕಿದ್ದ ಮೂರು ಅಕ್ಷರಚಿಹ್ನೆಗಳನ್ನು 15 ಸಂಕೇತಗಳಲ್ಲೇ ಮುಟ್ಟಿಸಿದರು. ನನಗೆ ಬಹಳ ಇಷ್ಟವಾದ ಪ್ರಯೋಗ ಇದು.

ನಾಳೆ ಇದರಿಂದ ಡೇಟಾ ಅಗ್ಗವಾಗುತ್ತದೆಯೇ ಅಂದರೆ ನಾನು ಮಾತು ಕೊಡುವುದಿಲ್ಲ. ಲೈನ್ ಖಾಲಿ ಇದ್ದಾಗ ಜೋಡಿಯ ಒಂದು ಫೋಟಾನ್ ಮೊದಲೇ ಕಳಿಸಿಟ್ಟು, ಅವಸರಕ್ಕೆ ಬಳಸುವ ಆಸೆ ಇದೆ. ಅದಕ್ಕೆ ಹೊಸಪೇಟೆಯವನು ತನ್ನ ಫೋಟಾನಿನ ಸ್ಥಿತಿಯನ್ನು ಕೆಡದಂತೆ ಕಾಪಾಡಬೇಕು. ಅಂಥ ಕ್ವಾಂಟಮ್ ಮೆಮೊರಿ ಇನ್ನೂ ಪ್ರಯೋಗಾಲಯದ ಸಾಮಾನು.

ಪ್ರಾಜೆಕ್ಟ್ ಮಾಡುವವರು ಕಿಸ್ಕಿಟ್ (ಕ್ವಾಂಟಮ್ ಪ್ರಯೋಗವನ್ನು ಕಂಪ್ಯೂಟರಿನಲ್ಲೇ ಓಡಿಸಿ ನೋಡುವ ಸಾಫ್ಟ್‌ವೇರ್) ಹಾಕಿಕೊಳ್ಳಿ, ದುಡ್ಡು ಕೊಡಬೇಕಿಲ್ಲ. ನಾಲ್ಕೂ ಸಂದೇಶ ಓಡಿಸಿ. ಆಮೇಲೆ ಬಳ್ಳಾರಿಯ ಕ್ಯೂಬಿಟ್ ಕಳಿಸದೆ, ಹೊಸಪೇಟೆಯದನ್ನು ಮಾತ್ರ ಅಳೆದು ಎಣಿಕೆ ಬರೆದುಕೊಳ್ಳಿ. ಆ ನಾಲ್ಕು ಸಾಲಿನ ಪಟ್ಟಿ ವರದಿಯಲ್ಲಿ ಇದ್ದರೆ ವೈವಾದಲ್ಲಿ ನಾನು ಜಾಸ್ತಿ ಕಾಡುವುದಿಲ್ಲ.